ಕೂಲಿ ಏರಿಸಿದ್ರೆ ಕೆಲಸ ಹೋಗುತ್ತೆ ಅನ್ನೋ ಹಳೇ ರಾಗ
ಕನಿಷ್ಠ ಕೂಲಿ ಏರಿಸಿದ್ರೆ ಬ್ರಿಟನ್ನಲ್ಲಿ ಕೆಲಸಗಳೇ ಹೋಗ್ತವೆ ಅಂತ ಬರೆದಿದೀರಲ್ಲ ಸಾರ್, 1999ರಲ್ಲಿ ಲೇಬರ್ ಪಾರ್ಟಿಯ ಬ್ಲೇರ್ ಸರ್ಕಾರ ಗಂಟೆಗೆ 3.60 ಪೌಂಡ್ ಫಿಕ್ಸ್ ಮಾಡೋವಾಗ್ಲೂ ಕನ್ಸರ್ವೇಟಿವ್‌ನೋರು ಇದೇ ರಾಗ ಹಾಡಿದ್ರು, ಆಮೇಲೆ 2016ರಲ್ಲಿ ಅವರದೇ ಪಾರ್ಟಿಯ ಹಣಕಾಸು ಮಂತ್ರಿ ಆಸ್ಬಾರ್ನ್ 7.20ಕ್ಕೆ ಏರಿಸಿ ಬೆನ್ನು ತಟ್ಕೊಂಡ್ರು! ಇಂಗ್ಲೆಂಡಿನ ಲೆಸ್ಟರಲ್ಲಿರೋ ನಮ್ಮಕ್ಕನ ಮಗ ಗೋಡೌನ್ ಕೆಲಸಕ್ಕೆ ಹೋಗ್ತಾನೆ, ಝೀರೋ ಅವರ್ಸ್ ಕಾಂಟ್ರಾಕ್ಟು, ಅಂದ್ರೆ ಇಷ್ಟು ಗಂಟೆ ಕೆಲಸ ಕೊಡ್ತೀವಿ ಅನ್ನೋ ಗ್ಯಾರಂಟಿನೇ ಇಲ್ಲ, ನಾಳೆ ಶಿಫ್ಟ್ ಇದೆಯೋ ಇಲ್ವೋ ಅನ್ನೋದು ರಾತ್ರಿ ಹತ್ತಕ್ಕೆ ಮೆಸೇಜ್ ಬಂದ್ಮೇಲೇ ಗೊತ್ತಾಗೋದು, ಬರ್ಲಿಲ್ಲ ಅಂದ್ರೆ ಆವತ್ತಿನ ದುಡ್ಡಿಲ್ಲ, ಬಾಡಿಗೆ ಮಾತ್ರ ತಪ್ಪಲ್ಲ. ಇಂಥ ಕಾಂಟ್ರಾಕ್ಟಿಗೆ ಲೇಬರ್‌ನೋರು ಕಡಿವಾಣ ಹಾಕಿದ್ರೆ ತಪ್ಪೇನು? ಹಾಗಂತ ಲೇಬರ್ ಮಾಡಿದ್ದೆಲ್ಲ ಸರಿ ಅನ್ನಲ್ಲ, 2025ರ ಏಪ್ರಿಲ್ಲಿಂದ ಕೆಲಸಗಾರರ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟೋ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ 15 ಪರ್ಸೆಂಟ್ ಆಯ್ತು, ಅದೂ ಒಬ್ಬೊಬ್ಬರ ಸಂಬಳ ವರ್ಷಕ್ಕೆ 5,000 ಪೌಂಡ್ ದಾಟಿದ್ ಕೂಡ್ಲೇ, ಇಪ್ಪತ್ತು ಮೂವತ್ತು ಪಾರ್ಟ್‌ಟೈಮ್ ಹುಡುಗರನ್ನ ಇಟ್ಕೊಂಡಿರೋ ಪಬ್ಬು ಹೋಟೆಲ್ಲಿನವ್ರಿಗೆ ಸರಿಯಾಗೇ ಬಿತ್ತು ಏಟು.