ನೆಂಟರ ಚಪ್ಪಲಿ

ನಮ್ಮ ಮಾಲೂರು ಕಡೆ ನೆಂಟರು ಊರಿಗೆ ಹೊರಟರೆ ಮನೆಯ ಮಕ್ಕಳು ಅವರ ಚಪ್ಪಲಿ ಬಚ್ಚಿಡುವುದುಂಟು. ‘ಇನ್ನೆರಡು ದಿನ ಇದ್ದು ಹೋಗಿ’ ಎನ್ನುವ ಪ್ರೀತಿ. 2020ರ ಮೇ 5ರ ರಾತ್ರಿ ನಮ್ಮ ರಾಜ್ಯ ಸರ್ಕಾರಕ್ಕೂ ಅಂಥದ್ದೇ ಪ್ರೀತಿ ಉಕ್ಕಿ ಬಂತು. ಅದು ಬಚ್ಚಿಟ್ಟದ್ದು ಹೊರರಾಜ್ಯದ ಕೂಲಿಯವರು ಊರಿಗೆ ಹೋಗಬೇಕಿದ್ದ ರೈಲನ್ನು.

ಅದಕ್ಕೆ ಮುಂಚೆ ಈ ನೆಂಟರು ಮನೆಯಲ್ಲಿದ್ದಾರೆ ಅನ್ನುವುದೇ ಯಾರ ಗಮನಕ್ಕೂ ಬಂದಿರಲಿಲ್ಲ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಕಾಣಿಸಿಕೊಂಡು, ಕೊರೊನಾ ತಡೆಯಲು ಮಧ್ಯರಾತ್ರಿಯಿಂದ ದೇಶಕ್ಕೆ ಬೀಗ ಎಂದರು. ನಾಲ್ಕು ಗಂಟೆ! ಕರೆಂಟ್ ಕೈಕೊಟ್ಟರೆ ಗಿರಣಿಯಲ್ಲಿ ರಾಗಿ ಹಿಟ್ಟು ಮಾಡಿಸಿಕೊಂಡು ಬರಲೂ ಸಾಲದ ಹೊತ್ತು. ಅಷ್ಟರಲ್ಲಿ ಇಟ್ಟಿಗೆ ಗೂಡಿನವನು ಬಿಹಾರ ಮುಟ್ಟಬೇಕಿತ್ತು. ಮುಟ್ಟಲಾಗದವರು ನಡೆದರು. ಮಾರ್ಚ್ 31ರಂದು ಕೇಂದ್ರದ ವಕೀಲರು ಸುಪ್ರೀಂ ಕೋರ್ಟಿಗೆ, ಬೆಳಿಗ್ಗೆ 11ರ ಹೊತ್ತಿಗೆ ರಸ್ತೆಯಲ್ಲಿ ಯಾರೂ ಇಲ್ಲವೆಂದು ತಿಳಿಸಿದರು. ಕಾಲಿಗೆ ಬೊಬ್ಬೆ ಎದ್ದವರಿಗೆ ತಾವು ರಸ್ತೆಯಲ್ಲಿಲ್ಲ ಅನ್ನುವ ಸುದ್ದಿ ತಲುಪಿತೋ ಇಲ್ಲವೋ.

ಮೇ ತಿಂಗಳಲ್ಲಿ ಕೂಲಿಯವರನ್ನು ಊರು ಮುಟ್ಟಿಸುವ ಶ್ರಮಿಕ್ ರೈಲು ಬಂತು. ಹತ್ತಬೇಕಾದರೆ ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುವಿನಲ್ಲಿ ಹೆಸರು ನೋಂದಾಯಿಸಬೇಕಿತ್ತು. ಕರೆನ್ಸಿ ಮುಗಿದ ಮೊಬೈಲು, ಬಾರದ ಒಟಿಪಿ, ಗೊತ್ತಿಲ್ಲದ ಭಾಷೆ. ಪರವಾಗಿಲ್ಲ, ಗೋಡೆ ಕಟ್ಟಬಲ್ಲವನಿಗೆ ಫಾರಂ ತುಂಬುವುದು ಯಾವ ಲೆಕ್ಕ?

ಆಮೇಲೆ ಬಿಲ್ಡರುಗಳು ಮುಖ್ಯಮಂತ್ರಿಯನ್ನು ಕಂಡರು. ಕೆಲಸ ಮತ್ತೆ ಶುರುವಾಗುತ್ತಿದೆ, ಆಳುಗಳು ಹೊರಟರೆ ಹೇಗೆ? ಅದೇ ರಾತ್ರಿ ರೈಲ್ವೆಗೆ ಪತ್ರ ಹೋಯಿತು: ನಾಳೆಯಿಂದ ರೈಲು ಬೇಡ. ಒಂದೂವರೆ ತಿಂಗಳು ‘ಹೊರಗಿನವರು’ ಆಗಿದ್ದವರು ಒಂದೇ ಮೀಟಿಂಗಿನಲ್ಲಿ ‘ನಮ್ಮವರು’ ಆಗಿಬಿಟ್ಟರು. ಇಷ್ಟು ಬೇಗ ನಮ್ಮ ಸೋದರಮಾವನೂ ನನ್ನನ್ನು ಒಪ್ಪಿಕೊಂಡಿರಲಿಲ್ಲ.

ಅರ್ಧ ಎಳೆದ ಷಟರ್ ಸಂದಿಯಿಂದ ಟೀ ಕೊಡುತ್ತಿದ್ದ ಅಂಗಡಿಯವನು ಕೇಳಿದ, ‘ಏನಣ್ಣ, ಎಮರ್ಜೆನ್ಸಿ ಬಂದೈತಾ?’

‘ಇಲ್ಲಪ್ಪ, ಅದನ್ನ ಹೇರೋ ಸಂವಿಧಾನದ 352ನೇ ವಿಧಿಯನ್ನ ಯಾರೂ ಮುಟ್ಟಿಲ್ಲ.’

‘ಮತ್ತೆ ದೇಶದೊಳಗೆ ಎಲ್ಲಿ ಬೇಕಾದ್ರೂ ಓಡಾಡಬಹುದು ಅಂತ ಬರ್ದಿರೋದು?’

‘19ನೇ ವಿಧಿ. ಅದು ಅಲ್ಲೇ ಐತೆ. ಜನರ ಹಿತಕ್ಕೆ ಅಂದ್ರೆ ಕಡಿವಾಣ ಹಾಕಬಹುದು ಅಂತಾನೂ ಅದರಲ್ಲೇ ಐತೆ, ಈಗ ರೋಗದ ಹೆಸರಲ್ಲಿ ಹಾಕವ್ರೆ.’

‘ರೋಗ ಇರೋನು ರೈಲಲ್ಲಿ ಕೂತ್ರೆ ಹರಡ್ತದೆ, ಸೆಂಟ್ರಿಂಗ್ ಕೆಲಸಕ್ಕೆ ಹತ್ತಿದ್ರೆ ಹರಡಲ್ವಾ?’

ನಾನು ಟೀ ಕುಡಿದೆ. ಬಲವಂತದ ದುಡಿಮೆ ಕೂಡದು ಎನ್ನುವ 23ನೇ ವಿಧಿಯನ್ನೂ ಅವನಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು, ಷಟರ್ ಬಿತ್ತು.

ದೇಶವೆಲ್ಲ ಛೀ ಅಂದ ಮೇಲೆ ಮೇ 7ಕ್ಕೆ ಸರ್ಕಾರ ಮನಸ್ಸು ಬದಲಿಸಿತು. ನಮ್ಮ ಮಾಲೂರು ಸ್ಟೇಷನ್ನಿನಿಂದಲೂ ಕೂಲಿಯವರ ರೈಲು ಹೊರಟವು. ಬೆಂಗಳೂರು ಕಟ್ಟಿದವರನ್ನು ಬಸ್ಸಿನಲ್ಲಿ ಇಷ್ಟು ದೂರ ತಂದು ಬೀಳ್ಕೊಡುವುದೂ ಒಂದು ಮರ್ಯಾದೆಯೇ ಇರಬೇಕು. ಸೆಪ್ಟೆಂಬರಿನಲ್ಲಿ ಲೋಕಸಭೆ ಸೇರಿತು. ದಾರಿಯಲ್ಲಿ ಸತ್ತವರೆಷ್ಟು ಎಂಬ ಪ್ರಶ್ನೆಗೆ, ಆ ಲೆಕ್ಕ ಇಟ್ಟಿಲ್ಲವೆಂದು ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು.

ಬಚ್ಚಿಟ್ಟ ಚಪ್ಪಲಿಯನ್ನು ಕೊನೆಗೆ ವಾಪಸ್ ಕೊಟ್ಟರೆನ್ನಿ. ಉಂಗುಷ್ಠ ಕಿತ್ತಿತ್ತು.