ಗೊಟ್‌ಶಾಲ್ಕ್ ಹಣೆಬರಹವಾದಿಯಲ್ಲ

ಮಧ್ಯಯುಗದ ಕ್ರೈಸ್ತ ದೈವಶಾಸ್ತ್ರದ ಚರ್ಚೆಗಳಲ್ಲಿ ಒಂಬತ್ತನೇ ಶತಮಾನದ, ಓರ್ಬೆ ಮಠದ ಸನ್ಯಾಸಿ ಗೊಟ್‌ಶಾಲ್ಕ್‌ನನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ದೇವರೇ ಕೆಲವರನ್ನು ಪಾಪ ಮಾಡಲೆಂದು ನೇಮಿಸಿದ್ದಾನೆ ಎಂದವನು ಅಂತ. ಅವನು ಹಾಗೆ ಹೇಳಿಲ್ಲ. ಎದುರಾಳಿಗಳು ಹೊರಿಸಿದ ಈ ಆರೋಪವನ್ನು ಇವತ್ತಿಗೂ ಹೊತ್ತು ತಿರುಗುವುದು ಅನ್ಯಾಯ.

ಮೊದಲು ಅವನು ಆಧಾರವಾಗಿಟ್ಟುಕೊಂಡ ಸಂತ ಅಗಸ್ಟೀನರಿಂದ ಶುರುಮಾಡಬೇಕು. ಅವರ ಪ್ರಕಾರ ಮೊದಲ ಮನುಷ್ಯ ಆದಾಮನಿಗೆ ಪಾಪ ಮಾಡದೆ ಇರುವ ಶಕ್ತಿಯಿತ್ತು. ಅವನು ಬಿದ್ದ ಮೇಲೆ ಮನುಷ್ಯರಿಗೆ ಆಯ್ಕೆ ಉಳಿಯಿತು, ಒಳ್ಳೆಯದನ್ನು ದೇವರ ಮೇಲಿನ ಪ್ರೀತಿಯಿಂದ ಆಯ್ದುಕೊಳ್ಳುವ ಬಲ ಹೋಯಿತು. ನಂಬಿಕೆಯ ಮೊದಲ ಹೆಜ್ಜೆಯೂ ದೇವರ ಕೃಪೆಯಿಂದಲೇ, ಸಾಯುವ ತನಕ ಅದರಲ್ಲಿ ನಿಲ್ಲುವುದೂ ಕೃಪೆಯಿಂದಲೇ. ಹಾಗಾದರೆ ತಪ್ಪು ಮಾಡಿದವರನ್ನು ಗದರುವುದೇಕೆ ಎಂಬ ಪ್ರಶ್ನೆ 426ರ ಸುಮಾರಿಗೆ ಉತ್ತರ ಆಫ್ರಿಕದ ಹಡ್ರುಮೇಟಮ್ ಮಠದಿಂದ ಬಂತು. ಕೃಪೆ ಆ ಗದರಿಕೆಯ ಮೂಲಕವೂ ಕೆಲಸ ಮಾಡುತ್ತದೆ ಎಂದು ಅಗಸ್ಟೀನರು ಉತ್ತರ ಬರೆದರು. ಇದನ್ನು ಬಿಟ್ಟು ಮುಂದೆ ಓದಿದರೆ ಎಲ್ಲವೂ ಹಣೆಬರಹದ ಮಾತಾಗಿಯೇ ಕೇಳಿಸುತ್ತದೆ.

ಗೊಟ್‌ಶಾಲ್ಕ್ ಸ್ಯಾಕ್ಸನ್ ಕುಲೀನರ ಮಗ. ಚಿಕ್ಕವನಿದ್ದಾಗಲೇ ತಂದೆ ತಾಯಿ ಫುಲ್ಡಾ ಮಠಕ್ಕೆ ಒಪ್ಪಿಸಿದ್ದರು. 829ರಲ್ಲಿ ಮೈನ್ಜ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯ ಮುಂದೆ ಮಠದಿಂದ ಬಿಡುಗಡೆ ಕೇಳಿದ, ಸಿಕ್ಕಿತು ಕೂಡ. ಆದರೆ ಮಠಾಧಿಪತಿ ರಬಾನುಸ್ ಮೌರುಸ್ ಚಕ್ರವರ್ತಿಯವರೆಗೂ ಹೋಗಿ ಅದನ್ನು ತಡೆದರು. ತನ್ನ ಇಚ್ಛೆಗೆ ಬೆಲೆ ಸಿಗದವನು ಇಚ್ಛೆಯನ್ನೇ ಅಲ್ಲಗಳೆದ ಎಂದು ಇಲ್ಲಿಂದ ಕೆಲವರು ಕಥೆ ಕಟ್ಟುತ್ತಾರೆ. ಅವನ ವಾದ ಅಗಸ್ಟೀನರ ಪುಟಗಳಿಂದ ಬಂದದ್ದು. ಅದನ್ನು ಅಲ್ಲಿಟ್ಟೇ ತೂಗಬೇಕು.

ಪೂರ್ವನಿರ್ಣಯಕ್ಕೆ, ಅಂದರೆ ಮನುಷ್ಯರ ಅಂತಿಮ ಗತಿಯನ್ನು ದೇವರು ಮೊದಲೇ ನೇಮಿಸುವುದಕ್ಕೆ, ಎರಡು ಮುಖ, ಆಯ್ಕೆಯಾದವರು ವಿಶ್ರಾಂತಿಗೆ, ತಿರಸ್ಕೃತರು ಮರಣಕ್ಕೆ ಎಂದು ಸೆವಿಲ್ಲೆಯ ಇಸಿದೋರರು ಏಳನೇ ಶತಮಾನದಲ್ಲೇ ಬರೆದಿದ್ದರು. ಗೊಟ್‌ಶಾಲ್ಕ್ ಹಿಡಿದದ್ದು ಅದನ್ನೇ. ಅವನ ಪ್ರಕಾರ, ಕೆಲವರು ಕೆಡುಕಿನಲ್ಲೇ ಉಳಿಯುವುದನ್ನು ದೇವರು ಮೊದಲೇ ಬಲ್ಲ. ಅವರನ್ನು ನ್ಯಾಯವಾಗಿ ಶಿಕ್ಷೆಗೆ ನೇಮಿಸಿದ್ದಾನೆ. ಪಾಪ ಮನುಷ್ಯನದು, ಶಿಕ್ಷೆ ದೇವರದು. ಈ ವಿಷಯದ ಯಾವುದೇ ಲ್ಯಾಟಿನ್ ಪಠ್ಯ ಓದುವಾಗ ನೇಮಕವಾಗಿರುವುದು ಪಾಪವೋ ಶಿಕ್ಷೆಯೋ ಎಂದು ಮೊದಲು ಗುರುತು ಹಾಕಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

848ರ ಮೈನ್ಜ್ ಸಭೆ ಅವನನ್ನು ಖಂಡಿಸಿತು. ಆಗ ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದವರು ಅದೇ ರಬಾನುಸ್. ಇಂಥ ಬೋಧನೆ ಕೇಳಿದ ಜನ ಇನ್ನು ದೇವರ ಸೇವೆಗೆ ಯಾಕೆ ಕಷ್ಟಪಡಬೇಕು ಅನ್ನುತ್ತಾರೆ ಎಂಬ ಭಯ ಅವರದು. ಸಭೆ ಅವನನ್ನು ರೇಮ್ಸ್‌ನ ಮಹಾಧರ್ಮಾಧ್ಯಕ್ಷ ಹಿಂಕ್ಮಾರರ ಬಳಿ ಕಳಿಸಿತು. 849ರಲ್ಲಿ ಕಿಯೆರ್ಸಿಯ ಸಭೆಯಲ್ಲಿ ಯಾಜಕ ಪದವಿ ಕಿತ್ತುಕೊಂಡು, ಚಾವಟಿಯಲ್ಲಿ ಹೊಡೆದು, ಅವನ ಬರಹವನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿದರು. ಸಾಯುವವರೆಗೆ, ಸುಮಾರು 20 ವರ್ಷ, ಅವನು ಓವಿಲ್ಲೆ ಮಠದ ಸೆರೆಯಲ್ಲಿದ್ದ. ಕುದಿಯುವ ನೀರು, ಎಣ್ಣೆ, ಕೊಬ್ಬು, ಟಾರು ತುಂಬಿದ ನಾಲ್ಕು ಪೀಪಾಯಿಗಳನ್ನು ದಾಟಿ, ಕೊನೆಗೆ ಉರಿಯುವ ಬೆಂಕಿಯನ್ನೂ ಹಾಯ್ದು ತನ್ನ ಮಾತು ನಿಜವೆಂದು ತೋರಿಸಲು ಸಿದ್ಧ ಎಂದು ಬರೆದ. ಯಾರೂ ಒಪ್ಪಲಿಲ್ಲ.

ನನಗೆ ಸಹಿಸಲಾಗದ ಸಂಗತಿ ಮುಂದಿದೆ. 853ರಲ್ಲಿ ಹಿಂಕ್ಮಾರರು ಕಿಯೆರ್ಸಿಯಲ್ಲೇ ನಾಲ್ಕು ವಿಧಿಗಳನ್ನು ಹೊರಡಿಸಿದರು. ಮೊದಲನೆಯದರ ಪ್ರಕಾರ ನಾಶವಾಗುವವರನ್ನು ದೇವರು ನಾಶಕ್ಕೆ ನೇಮಿಸಿಲ್ಲ, ಅವರಿಗಾಗಿ ನಿತ್ಯ ಶಿಕ್ಷೆಯನ್ನು ನೇಮಿಸಿದ್ದಾನೆ. ವ್ಯಕ್ತಿಯನ್ನು ಶಿಕ್ಷೆಗೆ ನೇಮಿಸುವುದಕ್ಕೂ ಶಿಕ್ಷೆಯನ್ನು ವ್ಯಕ್ತಿಗೆ ನೇಮಿಸುವುದಕ್ಕೂ ಎಷ್ಟು ಅಂತರ? ಕೂದಲೆಳೆಯಷ್ಟು. ಅದಕ್ಕೆ ಒಬ್ಬ ಮನುಷ್ಯನ ಜೀವಮಾನ ಹೋಯಿತು.

ನಿಜವಾದ ಭಿನ್ನಾಭಿಪ್ರಾಯ ಕೊನೆಯ ಎರಡು ವಿಧಿಗಳಲ್ಲಿದೆ. ದೇವರು ಎಲ್ಲರ ರಕ್ಷಣೆಯನ್ನೂ ಬಯಸುತ್ತಾನೆ, ಕ್ರಿಸ್ತ ಎಲ್ಲರಿಗಾಗಿಯೂ ಸತ್ತ ಎನ್ನುತ್ತಾರೆ ಹಿಂಕ್ಮಾರರು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 2:4ರಲ್ಲಿ ಬರುವ 'ಎಲ್ಲರೂ' ಎಂದರೆ ರಕ್ಷಣೆ ಹೊಂದುವ ಎಲ್ಲರೂ ಎನ್ನುತ್ತಾನೆ ಗೊಟ್‌ಶಾಲ್ಕ್. ಅಗಸ್ಟೀನರೂ ಅಲ್ಲಿ ಹತ್ತಿರದ ಅರ್ಥವನ್ನೇ ಕೊಟ್ಟಿದ್ದರು. ಇಲ್ಲಿ ನನ್ನ ಮನಸ್ಸು ಹಿಂಕ್ಮಾರರ ಕಡೆಗಿದೆ. ಆದರೆ ಅವರ ವಾದದಲ್ಲಿ ದೊಡ್ಡ ತೂತಿದೆ: ದೇವರು ಎಲ್ಲರನ್ನೂ ಬಯಸಿ, ಕೃಪೆಯಿಲ್ಲದೆ ಯಾರೂ ಪಾಪದಿಂದ ಏಳಲಾರರು ಎಂದಾದರೆ, ಏಳದವನಿಗೂ ಎದ್ದವನಿಗೂ ವ್ಯತ್ಯಾಸ ಎಲ್ಲಿಂದ ಬಂತು?

ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಅವರು ಮೊದಲೇ ನೆರವಿಗೆ ಕರೆದಿದ್ದ ಐರಿಷ್ ಪಂಡಿತ ಎರಿಯುಗೆನ, ದೇವರು ಕಾಲಕ್ಕೆ ಹೊರಗಿನವನು, ಕೆಡುಕು ಎಂಬುದು ಏನೂ ಅಲ್ಲ, ಇಲ್ಲದ್ದನ್ನು ದೇವರು ಮೊದಲೇ ತಿಳಿಯುವುದೂ ಇಲ್ಲ, ನೇಮಿಸುವುದೂ ಇಲ್ಲ ಎಂದು 19 ಅಧ್ಯಾಯ ಬರೆದು ಸಹಾಯಕ್ಕಿಂತ ಹೆಚ್ಚು ಮುಜುಗರ ತಂದ. 855ರ ವಲಾನ್ಸ್ ಸಭೆ ಆ ಬರಹವನ್ನು ಸ್ಕಾಟರ (ಆಗ ಐರಿಷರನ್ನು ಕರೆಯುತ್ತಿದ್ದ ಹೆಸರು) ಗಂಜಿ ಎಂದು ತಳ್ಳಿತು. 860ರಲ್ಲಿ ತ್ಯೂಸೆಯಲ್ಲಿ ಎಲ್ಲರೂ ಒಪ್ಪುವಂಥ ಪತ್ರವೊಂದು ಹೊರಟು ಜಗಳ ತಣ್ಣಗಾಯಿತು. ಗೊಟ್‌ಶಾಲ್ಕ್ ಮಾತ್ರ ಸೆರೆಯಲ್ಲೇ ಉಳಿದ. ಸಾಯುವಾಗಲೂ ಮಾತು ಹಿಂತೆಗೆದುಕೊಳ್ಳಲಿಲ್ಲ, ಅದಕ್ಕೇ ಪರಮಪ್ರಸಾದವನ್ನೂ (ಕ್ರಿಸ್ತನ ಶರೀರವೆಂದು ಸ್ವೀಕರಿಸುವ ಪವಿತ್ರ ರೊಟ್ಟಿ) ಕೊಡಲಿಲ್ಲ.

ಹಿಂಕ್ಮಾರರ ವಾದದ ತೂತಿಗೆ ತೇಪೆ ಹಾಕುವ ಸಾಧನ ಲ್ಯಾಟಿನ್ ಜಗತ್ತಿಗೆ ಬಂದದ್ದು ಗ್ರೀಕ್ ದೈವಶಾಸ್ತ್ರಜ್ಞ ದಮಾಸ್ಕಸ್‌ನ ಯೋವಾನ್ನರ ಗ್ರಂಥ 12ನೇ ಶತಮಾನದಲ್ಲಿ ಅನುವಾದವಾದ ಮೇಲೆ. 13ನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಅದನ್ನು ಬಳಸಿದರು: ಮನುಷ್ಯನನ್ನು ಮನುಷ್ಯನಾಗಿಯಷ್ಟೇ ನೋಡಿದಾಗ ದೇವರು ಎಲ್ಲರ ರಕ್ಷಣೆಯನ್ನೂ ಬಯಸುತ್ತಾನೆ, ಅವನ ಎಲ್ಲ ಸ್ಥಿತಿಗತಿ ಸೇರಿಸಿ ನೋಡಿದಾಗ ಕೆಲವರಿಗೆ ಶಿಕ್ಷೆಯನ್ನು ಬಯಸುತ್ತಾನೆ. ನ್ಯಾಯಾಧೀಶ ಎಲ್ಲರೂ ಬದುಕಲಿ ಎಂದು ಬಯಸಿಯೂ ಕೊಲೆಗಾರನಿಗೆ ಮರಣದಂಡನೆ ಕೊಡುವಂತೆ ಎಂಬ ಉದಾಹರಣೆಯೂ ಅವರದೇ. ಇಷ್ಟಾದರೂ ಇವನಿಗೇಕೆ ಕೃಪೆ, ಅವನಿಗೇಕಿಲ್ಲ ಎಂಬ ಪ್ರಶ್ನೆಗೆ ದೇವರ ಇಚ್ಛೆಯ ಹೊರತು ಬೇರೆ ಕಾರಣವನ್ನು ಥಾಮಸರೂ ಕೊಡುವುದಿಲ್ಲ. ಅಲ್ಲಿ ಅವರು ನಿಂತಿರುವುದು ಹಿಂಕ್ಮಾರರಿಗಿಂತ ಗೊಟ್‌ಶಾಲ್ಕ್‌ಗೆ ಹತ್ತಿರ.