ಸಿಡಿ ಇಳಿಸುವ ಸಾಫ್ಟ್‌ವೇರ್ ಪುರಾವೆ ಕೊಡಬೇಕು

ಆಡಿಯೋ ಸಿಡಿ ಹಾಕಿ ವಿಂಡೋಸ್‌ನಲ್ಲಿ ತೆರೆದರೆ ಒಂದೊಂದು ಕೆಬಿಯ ‘ಸಿಡಿಎ’ ಫೈಲುಗಳು ಕಾಣುತ್ತವೆ. ಅವನ್ನು ಕಾಪಿ ಮಾಡಿಕೊಂಡು ಸಿಡಿಯನ್ನು ಯಾರಿಗಾದರೂ ಕೊಟ್ಟುಬಿಟ್ಟೀರಿ! ಅದರಲ್ಲಿ ಹಾಡಿಲ್ಲ, ಹಾಡು ಎಲ್ಲಿ ಶುರುವಾಗುತ್ತದೆ ಎಂಬ ಗುರುತಷ್ಟೇ ಇದೆ. ಹಾಡನ್ನು ಡಿಸ್ಕಿನಿಂದ ಓದಿ ಫೈಲ್ ಮಾಡಬೇಕು, ಅದೇ ರಿಪ್. ನಮ್ಮಲ್ಲಿ ಮಾರಾಟವಾಗುತ್ತಿದ್ದ, ಒಂದರಲ್ಲೇ ಐವತ್ತು ನೂರು ಹಾಡಿರುವ ಎಂಪಿ3 ಸಿಡಿಗಳ ಲೆಕ್ಕ ಬೇರೆ. ಅವು ಡೇಟಾ ಡಿಸ್ಕುಗಳು, ಫೈಲುಗಳನ್ನು ಹಾಗೇ ಕಾಪಿ ಮಾಡಿದರೆ ಸಾಕು.

ಡೇಟಾ ಡಿಸ್ಕಿನಲ್ಲಿ ಓದಲಾಗದ ಜಾಗ ಬಂದರೆ ಕಾಪಿ ನಿಂತುಹೋಗುತ್ತದೆ, ಗೊತ್ತಾಗುತ್ತದೆ. ಆಡಿಯೋ ಸಿಡಿಯಲ್ಲಿ ಡ್ರೈವ್ ಅಕ್ಕಪಕ್ಕದ ಧ್ವನಿ ನೋಡಿ ಅಂದಾಜಿನಲ್ಲಿ ತುಂಬಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. ಆದ್ದರಿಂದ ಇಳಿಸಿದ್ದು ಸರಿಯಾಗಿದೆ ಎಂದು ಪುರಾವೆ ಕೊಡದ ಸಾಫ್ಟ್‌ವೇರ್ ಎಷ್ಟೇ ಚೆಂದವಿದ್ದರೂ ನಾನು ಅದನ್ನು ಬಳಸಿ ಎನ್ನುವುದಿಲ್ಲ.

ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ (ಇಎಸಿ) ಇದೆ. ಉಚಿತ, ಆದರೆ ಮುಕ್ತ ತಂತ್ರಾಂಶವಲ್ಲ. ಮುಕ್ತವೇ ಬೇಕೆಂದರೆ ಕ್ಯೂರಿಪ್ಪರ್. ಲಿನಕ್ಸ್‌ಗೆ ವಿಪ್ಪರ್, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ. ಇವೆಲ್ಲ ಅಕ್ಯುರೇಟ್‌ರಿಪ್ ಡೇಟಾಬೇಸ್ ನೋಡುತ್ತವೆ. ಅದೇ ಸಿಡಿಯನ್ನು ಬೇರೆಯವರು ಇಳಿಸಿದಾಗ ಆ ಡೇಟಾದಿಂದ ಬಂದ ತಾಳೆ ಸಂಖ್ಯೆಯ ಜೊತೆ ನಿಮ್ಮದು ತಾಳೆಯಾದರೆ ನಿಶ್ಚಿಂತೆ.

ನಮ್ಮ ತೊಡಕು ಇಲ್ಲೇ. ಭಾವಗೀತೆ, ದಾಸರ ಪದ, ಯಕ್ಷಗಾನದ ಎಷ್ಟೋ ಸಿಡಿಗಳು ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಸಿಡಿ ಕೆಟ್ಟಿದೆ ಎಂದಲ್ಲ. ಅಂಥದ್ದಕ್ಕೆ ಇಎಸಿಯಲ್ಲಿ ಸೆಕ್ಯೂರ್ ಮೋಡ್ (ತಪ್ಪಿದೆಯೇ ಎಂದು ಮತ್ತೆ ಓದಿ ನೋಡುವ ವಿಧಾನ) ಇಟ್ಟು ‘ಟೆಸ್ಟ್ ಅಂಡ್ ಕಾಪಿ’ ಕೊಡಿ. ಪ್ರತಿ ಹಾಡನ್ನೂ ಎರಡು ಸಲ ಓದುತ್ತದೆ. ಕೊನೆಗೆ ಅದು ಕೊಡುವ ವರದಿಯಲ್ಲಿ, ಅಂದರೆ ಲಾಗ್‌ನಲ್ಲಿ, ಟೆಸ್ಟ್ ಸಿಆರ್‌ಸಿ, ಕಾಪಿ ಸಿಆರ್‌ಸಿ ಎಂಬ ಎರಡು ಸಾಲು ಬರುತ್ತವೆ. ಸಿಆರ್‌ಸಿ ಎಂದರೆ ಓದಿದ ಡೇಟಾದಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ. ಎದುರಿಗಿರುವ ಎಂಟು ಅಕ್ಷರ ಎರಡರಲ್ಲೂ ಒಂದೇ ಇರಬೇಕು. ಡ್ರೈವ್‌ಗೆ ಕ್ಯಾಶ್ (ಓದಿದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿ) ಇದ್ದು ಅದನ್ನು ಸೆಟ್ಟಿಂಗ್‌ನಲ್ಲಿ ಹೇಳದಿದ್ದರೆ ಮರುಓದು ಡಿಸ್ಕಿನ ಬದಲು ಕ್ಯಾಶ್‌ನಿಂದಲೇ ಬಂದೀತು, ಆಗ ತಾಳೆಯಾದರೂ ಅರ್ಥವಿಲ್ಲ. ವಿಪ್ಪರ್ ತಾನಾಗಿಯೇ ಎರಡು ಸಲ ಓದುತ್ತದೆ, ಆದರೆ ಆಲ್ಬಮ್, ಹಾಡುಗಳ ವಿವರವಿರುವ ಆನ್‌ಲೈನ್ ಪಟ್ಟಿ ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ಇಲ್ಲದ ಸಿಡಿಯನ್ನು ಮುಟ್ಟುವುದೇ ಇಲ್ಲ. ‘ಅನ್‌ನೋನ್’ ಆಯ್ಕೆ ಸೇರಿಸಬೇಕು. ಡ್ರೈವ್‌ನ ಆಫ್‌ಸೆಟ್ (ಓದುವಾಗ ಅದು ಎಷ್ಟು ಹಿಂದೆಮುಂದೆ ಸರಿಯುತ್ತದೆ ಎಂಬ ಅಳತೆ) ಕಂಡುಹಿಡಿಯಲು ಮಾತ್ರ ಅಕ್ಯುರೇಟ್‌ರಿಪ್ ಡೇಟಾಬೇಸ್‌ನಲ್ಲಿರುವ ಜನಪ್ರಿಯ ಸಿಡಿಯೊಂದು ಬೇಕು. ಒಂದು ಸಲ ಮಾಡಿದರೆ ಆಯಿತು.

ಎರಡು ಸಿಆರ್‌ಸಿ ಬೇರೆ ಬಂದರೆ ಸಿಡಿ ಒರೆಸಿ. ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಲೂ ತಿರುಗಿಸಿ ಬೇಡ. ಡಿಸ್ಕಿನ ಜಾಡು ಸುತ್ತಿಕೊಂಡೇ ಹೋಗುವುದರಿಂದ ಅಡ್ಡಗೀರು ಕೊಂಚವೇ ಅಳಿಸುತ್ತದೆ, ಜಾಡಿನುದ್ದದ ಗೀರು ಒಂದೇ ಕಡೆ ಬಹಳಷ್ಟನ್ನು ನುಂಗುತ್ತದೆ. ಆಮೇಲೆ ಓದುವ ವೇಗ 4 ಎಕ್ಸ್‌ಗೆ, ಅಂದರೆ ಹಾಡು ನುಡಿಸುವ ವೇಗದ ನಾಲ್ಕು ಪಟ್ಟಿಗೆ, ಇಳಿಸಿ ನೋಡಿ. ಲೇಬಲ್ ಬದಿಯ ಗೀರೇ ಹೆಚ್ಚು ಅಪಾಯ, ಹೊಳೆಯುವ ಪದರ ಅದರ ಕೆಳಗೇ ಇದೆ.

ಫೈಲ್ ಫ್ಲ್ಯಾಕ್‌ನಲ್ಲೇ ಇರಲಿ, ಧ್ವನಿಯನ್ನು ಒಂದಿಷ್ಟೂ ಕಳೆಯದೆ ಫೈಲ್ ಕುಗ್ಗಿಸುವ ರೂಪ ಅದು. ಕುಗ್ಗಿಸುವ 5ನೇ ಮಟ್ಟಕ್ಕೂ 8ನೇ ಮಟ್ಟಕ್ಕೂ ಧ್ವನಿಯಲ್ಲಿ ವ್ಯತ್ಯಾಸವಿಲ್ಲ. ಡಿಸ್ಕಿಗೆ ಸುಮಾರು 350 ಎಂಬಿ ಎಂದುಕೊಂಡರೆ 300 ಸಿಡಿಗೆ 105 ಜಿಬಿ. ವಿಲಂಬಿತದಿಂದ ದ್ರುತಕ್ಕೆ ಹೋಗುವಾಗ ಟ್ರ್ಯಾಕ್ ಬದಲಾಗುವ ಖಯಾಲ್ ಸಿಡಿಗಳಲ್ಲಿ ಎಂಪಿ3 ನಡುವೆ ಚೂರು ಮೌನ ತುರುಕಬಹುದು. ತಬಲಾದ ಠೇಕಾ ಮುರಿದದ್ದು ಕಿವಿಗೆ ಹೊಡೆಯುತ್ತದೆ.

ಫೈಲುಗಳಿಗೆ ಹಾಡು, ಗಾಯಕರ ಹೆಸರು ತುಂಬಿ ಜೋಡಿಸಲು ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಸಾಫ್ಟ್‌ವೇರ್ ಒಳ್ಳೆಯದು, ಆದರೆ ಅದರ ಊಹೆಯನ್ನು ನೋಡದೆ ಸೇವ್ ಮಾಡಬೇಡಿ. ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ಇಲ್ಲದ ಸಿಡಿಗೆ ಕಿಡ್3 ಎಂಬ ಸಾಫ್ಟ್‌ವೇರಿನಲ್ಲಿ ವಿವರ ಕೈಯಾರೆ ತುಂಬಿ. ಹೆಸರಿಗೆ ಒಂದೇ ಕಾಗುಣಿತ ಹಿಡಿಯಿರಿ: ‘ಜೋಶಿ’, ‘ಜೋಷಿ’ ಎರಡೂ ಇದ್ದರೆ ಪ್ಲೇಯರ್‌ನಲ್ಲಿ ಭೀಮಸೇನರು ಇಬ್ಬರಾಗುತ್ತಾರೆ. ಹತ್ತು ಗಾಯಕರಿರುವ ಸಂಕಲನಕ್ಕೆ ‘ಆಲ್ಬಮ್ ಆರ್ಟಿಸ್ಟ್’ ತುಂಬದಿದ್ದರೆ ಒಂದು ಸಿಡಿ ಹತ್ತು ಚೂರಾಗುತ್ತದೆ. ಪುರಂದರದಾಸರು ‘ಕಂಪೋಸರ್’ ಜಾಗಕ್ಕೆ ಹೋಗಲಿ, ಹಾಡಿದವರ ಜಾಗಕ್ಕಲ್ಲ. ಫ್ಲ್ಯಾಕ್‌ನಲ್ಲಿ ರಾಗ, ತಾಳಕ್ಕೆ ನಿಮ್ಮದೇ ಕಾಲಂ ಮಾಡಬಹುದು. ಕಾಲಂ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗೆ ಧಾರಾಳವಾಗಿ ಕನ್ನಡ ಬರೆಯಿರಿ.

ಲಾಗ್ ಅಳಿಸಬೇಡಿ. ಸಿಡಿಯ ಪುಸ್ತಿಕೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಹಾಕಿ. ಹಾರ್ಮೋನಿಯಂ ಯಾರು, ಮದ್ದಳೆ ಯಾರು ಎಂಬುದು ಎಷ್ಟೋ ಸಲ ಆ ಹಾಳೆಯೊಂದರಲ್ಲೇ ಇರುತ್ತದೆ.